ಕುಂಪಣಿ ಮತ್ತು ಕಂಪನಿ

ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಬಂದುಹೋಗುವ ಒಂದು ಇಂಗ್ಲಿಷ್ ಮಾತಿನ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ‘ಕಂಪನಿ’ ಎಂಬುದೇ ಆ ಮಾತು. ನೆರೆಮನೆಯ ಹುಡುಗ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಸಂಜೆ ಅಡ್ಡಾಡಲು ಹೊರಟ ಗೆಳೆಯರು, ‘ಬನ್ನಿ, ಒಂದಿಷ್ಟು ಕಂಪನಿ ಕೊಡಿ’ ಎಂದು ಕರೆಯುತ್ತಾರೆ. ಯಾರದೋ ಮಗ ಕೆಟ್ಟ ಕಂಪನಿ ಸೇರಿ ಹಾಳಾದ. ರಜೆಯ ಮೇಲೆ ಊರಿಗೆ ಬಂದ ಯೋಧ ತನ್ನ ಕಂಪನಿಯ ಕಮಾಂಡರರನ್ನು ನೆನೆಯುತ್ತಾನೆ. ಜಾತ್ರೆಯ ಬಯಲಿನಲ್ಲಿ ಕಂಪನಿ ನಾಟಕದ ಪರದೆ ಏಳುತ್ತದೆ. ಇತಿಹಾಸದ ಪುಸ್ತಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಬರುತ್ತದೆ. ಅದೇ ಲಾವಣಿಕಾರನ ಬಾಯಿಗೆ ಬಂದಾಗ ‘ಕುಂಪಣಿ’ಯಾಗುತ್ತದೆ.

ಇಷ್ಟೊಂದು ಸಂಗತಿಗಳನ್ನು ಒಂದೇ ಮಾತು ಹೇಗೆ ಹೊತ್ತುಕೊಂಡಿತು ಎಂಬುದು ಮೊದಲ ಪ್ರಶ್ನೆ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿರುವುದು ಇನ್ನೊಂದು: ಮನುಷ್ಯರ ಕೂಟವನ್ನು ಹೇಳಲು ಹುಟ್ಟಿದ ಮಾತಿನೊಳಗಿಂದ ಮನುಷ್ಯರು ಯಾವಾಗ, ಹೇಗೆ ಎದ್ದುಹೋದರು?

ಮೂಲದಲ್ಲಿ ಇದು ಊಟದ ಮಾತು. ಲ್ಯಾಟಿನ್ ಭಾಷೆಯಲ್ಲಿ ‘ಕುಮ್’ ಎಂದರೆ ಜೊತೆ, ‘ಪಾನಿಸ್’ ಎಂದರೆ ರೊಟ್ಟಿ. ಜೊತೆಯಲ್ಲಿ ರೊಟ್ಟಿ ತಿನ್ನುವವನು ‘ಕಂಪಾನಿಯೋ’. ರೋಮನ್ ಸಾಮ್ರಾಜ್ಯ ಕುಸಿದ ಮೇಲೆ ಫ್ರಾಂಕ್ ಜನ ಬರೆಸಿಕೊಂಡ ಕಾನೂನಿನ ಪಠ್ಯದಲ್ಲಿ ಈ ಪದ ಕಾಣಿಸಿಕೊಳ್ಳುತ್ತದೆ. ಇದನ್ನು ರೋಮನರು ತಾವಾಗಿ ಕಟ್ಟಿದ್ದಲ್ಲ, ಜರ್ಮಾನಿಕ್ ಬುಡಕಟ್ಟುಗಳ ಮಾತನ್ನು ನೋಡಿ ಅಚ್ಚೊತ್ತಿದ್ದು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಗಾಥಿಕ್ ಭಾಷೆಯಲ್ಲಿ ‘ಗಹ್ಲೈಬ’ ಎಂಬ ಪದವಿದೆ. ಅದರ ಅರ್ಥವೂ ಸರಿಯಾಗಿ ಅದೇ, ಜೊತೆರೊಟ್ಟಿಯವನು. ದಂಡಿನಲ್ಲಿ ಒಂದೇ ಒಲೆಯ ಸುತ್ತ ಕುಳಿತು ಉಣ್ಣುವ ಸಿಪಾಯಿಗಳ ಮಾತು ಅದು. ಅದೇ ‘ಪಾನಿಸ್’ ಪೋರ್ಚುಗೀಸರ ಬಾಯಲ್ಲಿ ರೂಪ ಬದಲಿಸಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬಂದು ‘ಪಾವ್’ ಆಯಿತು. ರೈಲುಗಾಡಿಯ ಪ್ಯಾಂಟ್ರಿಯಲ್ಲಿಯೂ ಅದೇ ರೊಟ್ಟಿ ಅಡಗಿ ಕುಳಿತಿದೆ. ಮುಂಬಯಿಯ ಬೀದಿಯಲ್ಲಿ ನಿಂತು ಪಾವ್ ಭಾಜಿ ತಿನ್ನುವ ಕಂಪನಿಯ ನೌಕರನಿಗೆ ತನ್ನ ಕೈಯಲ್ಲಿರುವುದಕ್ಕೂ ತನಗೆ ಸಂಬಳ ಕೊಡುವುದಕ್ಕೂ ಒಂದೇ ಬೇರು ಎಂಬುದು ಹೊಳೆಯಲು ಕಾರಣವಿಲ್ಲ.

ಇಲ್ಲೊಂದು ಮಾತನ್ನು ಸೇರಿಸಬೇಕು. ಇಂಗ್ಲಿಷಿನ ‘ಲಾರ್ಡ್’ ಎಂಬುದೂ ರೊಟ್ಟಿಯ ಮಾತೇ. ಹಳೆಯ ಇಂಗ್ಲಿಷಿನಲ್ಲಿ ಅದು ‘ಹ್ಲಾಫ್‌ವೆಯರ್ಡ್’, ಎಂದರೆ ರೊಟ್ಟಿಯನ್ನು ಕಾಯುವವನು. ಒಬ್ಬನು ರೊಟ್ಟಿಯನ್ನು ಕಾದು ಹಂಚುವವನಾದರೆ ಲಾರ್ಡ್. ಎಲ್ಲರೂ ಸಮಸಮವಾಗಿ ಕುಳಿತು ಮುರಿದು ತಿಂದರೆ ಕಂಪನಿ. ನಮ್ಮ ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ಒಡೆಯನ ಜೋಳವನ್ನು ಉಂಡವನು ಕಾಳಗದಲ್ಲಿ ಪ್ರಾಣವನ್ನಾದರೂ ಕೊಟ್ಟು ತೀರಿಸಬೇಕಾದ ಋಣ ಅದು; ಪಂಪನ ಕರ್ಣನ ಸಂಕಟವೆಲ್ಲ ಈ ಋಣದ್ದೇ. ಜೋಳವಾಳಿ ಮೇಲಿನಿಂದ ಕೆಳಕ್ಕೆ ಇಳಿಯುವ ಅನ್ನದ ಸಂಬಂಧ, ಲಾರ್ಡ್ ಎಂಬ ಮಾತಿನ ಬಳಗಕ್ಕೆ ಸೇರಿದ್ದು. ಅಕ್ಕಪಕ್ಕದಲ್ಲಿ ಕುಳಿತವರ ಅನ್ನದ ಸಂಬಂಧಕ್ಕೆ ನಮ್ಮಲ್ಲಿರುವ ಮಾತು ‘ಪಂಕ್ತಿ’. ಆದರೆ ಪಂಕ್ತಿ ಎಂದೊಡನೆ ನಮಗೆ ನೆನಪಾಗುವುದು ಪಂಕ್ತಿಭೇದ. ಯಾರ ಜೊತೆ ಉಣ್ಣಬಾರದು ಎಂಬುದನ್ನು ಇಷ್ಟು ವಿವರವಾಗಿ ಬರೆದಿಟ್ಟ ಸಮಾಜಕ್ಕೆ, ಜೊತೆಯಲ್ಲಿ ಉಣ್ಣುವುದರಿಂದಲೇ ಹೆಸರು ಪಡೆದ ಒಂದು ಸಂಸ್ಥೆ ದೊರೆಯಾಗಿ ಬಂದದ್ದು ಇತಿಹಾಸದ ವ್ಯಂಗ್ಯ. ಬರುವ ಹೊತ್ತಿಗೆ ಅದು ರೊಟ್ಟಿಯನ್ನು ಮರೆತು ಬಹಳ ಕಾಲವಾಗಿತ್ತೆಂಬುದು ಬೇರೆ ಮಾತು.

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ‘ಕಂಪಾನ್ಯಿಯಾ’ ಎಂದರೆ ಒಂದೇ ಮನೆತನದ ಅಣ್ಣತಮ್ಮಂದಿರೂ ಅವರ ನೆಚ್ಚಿನವರೂ ಕೂಡಿ ನಡೆಸುವ ವ್ಯಾಪಾರ. ಒಂದೇ ಸೂರು, ಒಂದೇ ರೊಟ್ಟಿ, ಒಂದೇ ಲೆಕ್ಕ. ಬಾರ್ದಿ ಮತ್ತು ಪೆರುಟ್ಸಿ ಎಂಬ ಎರಡು ಮನೆತನಗಳ ಕಂಪನಿಗಳು ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡನಿಗೆ ಯುದ್ಧಕ್ಕಾಗಿ ದೊಡ್ಡ ಸಾಲ ಕೊಟ್ಟವು. ಅದು ಹಿಂದಕ್ಕೆ ಬರಲಿಲ್ಲ. 1340ರ ದಶಕದಲ್ಲಿ ಎರಡೂ ಮುಳುಗಿದವು. ಮುಳುಗಿದಾಗ ಪಾಲುದಾರರು ತಮ್ಮ ಮನೆ, ತೋಟ, ಪಾತ್ರೆ ಪಡಗಗಳ ಸಮೇತ ಸಾಲಕ್ಕೆ ಗುರಿಯಾದರು. ಲಾಭದ ರೊಟ್ಟಿಯನ್ನು ಹಂಚಿಕೊಂಡವನು ನಷ್ಟದ ಕಲ್ಲನ್ನೂ ಹೊರಬೇಕೆಂಬುದು ಆಗಿನ ನ್ಯಾಯ. ಇದನ್ನು ಕೇಳುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದಕ್ಕೆ ಮರಳಿ ಬರಬೇಕಾಗುತ್ತದೆ.

ಇಂಗ್ಲಿಷಿಗೆ ಈ ಪದ ಫ್ರೆಂಚಿನ ಮೂಲಕ 13ನೆಯ ಶತಮಾನದಲ್ಲಿ ಬಂತು. ಸ್ನೇಹ, ಸಹವಾಸ, ಮನೆಗೆ ಬಂದ ಅತಿಥಿಗಳು, ಹಡಗಿನ ನಾವಿಕರ ತಂಡ, ಹೀಗೆ ಮನುಷ್ಯರು ಕೂಡಿದ ಕಡೆಯಲ್ಲೆಲ್ಲ ಅದು ಹೋಗಿ ಕುಳಿತುಕೊಂಡಿತು. ಲಂಡನಿನ ಬಟ್ಟೆಯ ವ್ಯಾಪಾರಿಗಳು, ಅಕ್ಕಸಾಲಿಗರು, ಮೀನು ಮಾರುವವರು ತಮ್ಮ ಕಸುಬಿನ ಕೂಟಗಳನ್ನು ಕಂಪನಿಗಳೆಂದು ಕರೆದುಕೊಂಡರು. ಸೈನ್ಯದಲ್ಲಿ ಸುಮಾರು ನೂರು ಜನರ ತುಕಡಿ ಕಂಪನಿಯಾಯಿತು. ಆದರೆ 1360ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಒಪ್ಪಂದವಾಗಿ ಸಂಬಳವಿಲ್ಲದೆ ನಿಂತ ಸಿಪಾಯಿಗಳು ತಮ್ಮತಮ್ಮಲ್ಲೇ ಕಂಪನಿಗಳನ್ನು ಕಟ್ಟಿಕೊಂಡು ಫ್ರಾನ್ಸಿನ ಹಳ್ಳಿಗಳನ್ನು ಸುಲಿಯತೊಡಗಿದರು. ಆ ಕಾಲದ ಫ್ರೆಂಚ್ ರೈತನಿಗೆ ‘ಕಂಪನಿ ಬಂತು’ ಎಂಬ ಮಾತು ಹೇಗೆ ಕೇಳಿಸಿರಬೇಕೆಂದು ಊಹಿಸುವುದು ನಮಗೆ ಕಷ್ಟವಲ್ಲ. ರೊಟ್ಟಿಯನ್ನು ಹಂಚಿಕೊಳ್ಳುವವರು ಎಂಬ ಅರ್ಥ ಆಗಲೂ ಉಳಿದಿತ್ತು. ರೊಟ್ಟಿ ಮಾತ್ರ ಪರರದು.

ಇನ್ನು ನಮಗೆ ಸಂಬಂಧಿಸಿದ ಕಥೆ. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ಒಂದು ಸನ್ನದಿಗೆ ಮುದ್ರೆಯೊತ್ತಿದಳು. ಅದರಲ್ಲಿದ್ದ ಹೆಸರು, ಪೂರ್ವ ಇಂಡೀಸಿನೊಡನೆ ವ್ಯಾಪಾರ ಮಾಡುವ ಲಂಡನಿನ ವರ್ತಕರ ಗವರ್ನರ್ ಮತ್ತು ಕಂಪನಿ. ಈ ಉದ್ದ ಹೆಸರನ್ನು ಗಮನಿಸಬೇಕು. ಅದರಲ್ಲಿ ವರ್ತಕರಿದ್ದಾರೆ, ಅವರ ಊರಿದೆ. ಇನ್ನೂರಕ್ಕೂ ಹೆಚ್ಚು ಜನ ಸೇರಿದ್ದರು. ಮೊದಮೊದಲು ಪ್ರತಿಯೊಂದು ಯಾನಕ್ಕೂ ಬೇರೆ ಬೇರೆಯಾಗಿ ಹಣ ಕೂಡಿಸುವುದು, ಹಡಗು ಮೆಣಸನ್ನು ತಂದ ಮೇಲೆ ಲೆಕ್ಕ ತೀರಿಸಿ ಹಂಚಿಕೊಳ್ಳುವುದು, ಹೀಗೆ ನಡೆಯುತ್ತಿತ್ತು. ಒಂದು ಊಟ, ಎಲೆ ಎತ್ತಿ ಕೈತೊಳೆಯುವುದು, ಮತ್ತೆ ಬೇರೊಂದು ಊಟ. 1657ರಲ್ಲಿ ಕಾಯಂ ಬಂಡವಾಳದ ಏರ್ಪಾಡಾಯಿತು. ಅಲ್ಲಿಂದ ಮುಂದೆ ಷೇರುಗಳನ್ನು ಕೊಂಡವರು, ಮಾರಿದವರು, ಸತ್ತವರು, ಹುಟ್ಟಿದವರು ಯಾರಾದರೂ ಆಗಲಿ, ಕಂಪನಿ ಇದ್ದೇ ಇರುತ್ತದೆ. ಮನುಷ್ಯರು ಅದರೊಳಗೆ ಬಂದುಹೋಗುವ ಪ್ರಯಾಣಿಕರಾದರು.

ಹೀಗೆ ಸಾವಿಲ್ಲದ ಒಂದು ಜೀವಿಯೊಡನೆ ವ್ಯವಹರಿಸುತ್ತಿದ್ದೇವೆಂದು ನಮ್ಮ ಅರಸರಿಗೆ ತಿಳಿದಿರಲಿಲ್ಲವೆನ್ನುವುದು ಸರಿಯಾಗಲಾರದು. ಅವರು ಅದಕ್ಕೆ ‘ಕಂಪನಿ ಬಹಾದ್ದೂರ್’ ಎಂಬ ಬಿರುದನ್ನು ಬಳಸಿದರು. ಕಾಣದ ದೇಹಕ್ಕೆ ಒಂದು ಪೇಟ ಸುತ್ತಿ ಕೂರಿಸಿದರು. ಟೀಪೂ ಸುಲ್ತಾನನಂತೂ ಈ ಯಂತ್ರದ ಗುಟ್ಟನ್ನು ಹಿಡಿಯಲು ಯತ್ನಿಸಿದವನು. 1793–94ರ ಸುಮಾರಿಗೆ ಅವನು ಹೊರಡಿಸಿದ ವ್ಯಾಪಾರದ ಕಟ್ಟಳೆಗಳಲ್ಲಿ, ಪ್ರಜೆಗಳು ಸರಕಾರದ ವ್ಯಾಪಾರದಲ್ಲಿ ಹಣ ಹೂಡಬಹುದು, ಸಣ್ಣ ಮೊತ್ತ ಹೂಡಿದವನಿಗೆ ದೊಡ್ಡ ಮೊತ್ತದವನಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಲಾಭ ಕೊಡಲಾಗುವುದು ಎಂಬ ವಿಚಿತ್ರವೂ ಉದಾರವೂ ಆದ ಏರ್ಪಾಡಿತ್ತು. ಮಸ್ಕತ್ತಿನಲ್ಲಿ ಅವನ ವ್ಯಾಪಾರದ ಕೋಠಿಯಿತ್ತು. ಬದುಕಿದ್ದರೆ ಅದೇನಾಗುತ್ತಿತ್ತೋ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ವರ್ಷದ ಜುಲೈನಲ್ಲಿ ಆದ ಒಪ್ಪಂದದ ಒಂದು ಬದಿಯಲ್ಲಿ ಐದು ವರ್ಷದ ಬಾಲಕ ಕೃಷ್ಣರಾಜ ಒಡೆಯರ್, ಇನ್ನೊಂದು ಬದಿಯಲ್ಲಿ ಮುಖವೇ ಇಲ್ಲದ ಬಹಾದ್ದೂರ. ಮೈಸೂರು ವರ್ಷಕ್ಕೆ ಏಳು ಲಕ್ಷ ವರಾಹಗಳನ್ನು ಸೈನ್ಯದ ವೆಚ್ಚಕ್ಕೆಂದು ಕುಂಪಣಿಗೆ ತೆರಬೇಕಾಯಿತು. ಜೊತೆಯಲ್ಲಿ ಉಣ್ಣುವವರ ಕೂಟ ಈಗ ಬೇರೆಯವರ ಕಣಜದ ಮುಂದೆ ಕುಳಿತಿತ್ತು.

ಬೆಂಗಾಳದಲ್ಲಿ ಇದಕ್ಕೂ ಘೋರವಾದದ್ದು ನಡೆದಿತ್ತು. 1765ರಲ್ಲಿ ಅಲ್ಲಿನ ಕಂದಾಯದ ಅಧಿಕಾರ ಕುಂಪಣಿಗೆ ಸಿಕ್ಕಿತು. 1769–70ರಲ್ಲಿ ಭೀಕರ ಕ್ಷಾಮ ಬಂತು. ಜನರಲ್ಲಿ ಮೂರನೆಯ ಒಂದು ಪಾಲಾದರೂ ನಾಶವಾದರೆಂದು 1772ರಲ್ಲಿ ವಾರನ್ ಹೇಸ್ಟಿಂಗ್ಸನೇ ಲಂಡನಿಗೆ ವರದಿ ಮಾಡಿದ. ಅದೇ ವರದಿಯಲ್ಲಿ, 1771ರ ಕಂದಾಯ ವಸೂಲಿ ಕ್ಷಾಮಕ್ಕೆ ಮುಂಚಿನ 1768ರ ವಸೂಲಿಯನ್ನೂ ಮೀರಿತೆಂದು ತಿಳಿಸಿದ್ದಾನೆ. ಸತ್ತವರ ಪಾಲಿನ ತೆರಿಗೆಯನ್ನು ಬದುಕಿ ಉಳಿದವರಿಂದ ಎತ್ತಿದ್ದರು. ಯಾರು ಎತ್ತಿದ್ದು? ಲಂಡನಿನಲ್ಲಿ 500 ಪೌಂಡಿನ ಷೇರು ಇಟ್ಟುಕೊಂಡು ಒಂದು ಮತಕ್ಕೆ ಅರ್ಹನಾಗಿದ್ದ ಗೃಹಸ್ಥನನ್ನು ಕೇಳಿದ್ದರೆ, ತಾನಲ್ಲ, ಕಂಪನಿ ಎನ್ನುತ್ತಿದ್ದ. ಡೈರೆಕ್ಟರನನ್ನು ಕೇಳಿದ್ದರೆ ಅಲ್ಲಿನ ನೌಕರರು ಎನ್ನುತ್ತಿದ್ದ. ನೌಕರನನ್ನು ಕೇಳಿದ್ದರೆ ಕಂಪನಿಯ ಅಪ್ಪಣೆ ಎನ್ನುತ್ತಿದ್ದ. ಮಾತು ಚಕ್ರದಂತೆ ತಿರುಗಿ ಬಂದು ಮತ್ತೆ ಆ ಹೆಸರಿಗೇ ತಾಗುತ್ತದೆ. ಆ ಹೆಸರಿನೊಳಗೆ ಹುಡುಕಿದರೆ ಯಾರೂ ಇಲ್ಲ. ಕಡೆಗೆ 1788ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಮಹಾಸಭಾಂಗಣದಲ್ಲಿ ವಿಚಾರಣೆಗೆ ನಿಂತವನು ಹೇಸ್ಟಿಂಗ್ಸ್ ಒಬ್ಬನೇ, ಅದೂ ಬೇರೆ ಆರೋಪಗಳ ಮೇಲೆ. ಕ್ಷಾಮದ ಹೊತ್ತಿಗೆ ಅವನು ಬೆಂಗಾಳದ ಗವರ್ನರನೂ ಆಗಿರಲಿಲ್ಲ. ಬರ್ಕನಂಥ ವಾಗ್ಮಿ ಆರೋಪಿಸಿದರೂ ವಿಚಾರಣೆ ಏಳು ವರ್ಷ ಎಳೆದು 1795ರಲ್ಲಿ ಬಿಡುಗಡೆಯಲ್ಲಿ ಮುಗಿಯಿತು. ಕುಂಪಣಿ ಕಟಕಟೆಯನ್ನು ಹತ್ತಲಿಲ್ಲ.

ನಮ್ಮ ನೆಲದಲ್ಲಿ ವರ್ತಕರ ಸಂಘಗಳಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದ್ದವು, ಅವುಗಳಲ್ಲಿ ಬಹು ದೊಡ್ಡದರ ಬೇರು ಈಗಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ. ಅಯ್ಯಾವೊಳೆಯ ಐನೂರ್ವರು ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ನಡೆಸಿದರು. ಆ ಸಂಘದ ತಮಿಳು ಶಾಸನವೊಂದು 1088ರದು, ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತಿದೆ. ಅವರೂ ಆಯುಧಪಾಣಿಗಳಾದ ಕಾವಲಿನವರನ್ನು ಇಟ್ಟುಕೊಂಡಿದ್ದರು, ಅವರೇನೂ ಸಂತರಲ್ಲ. ನನ್ನ ಗಮನವಿರುವುದು ಹೆಸರಿನ ಮೇಲೆ. ಅವರು ಐನೂರ್ವರು. ಸಂಖ್ಯೆ ಕಾಲಕ್ರಮದಲ್ಲಿ ಬರಿಯ ಸಂಕೇತವಾಗಿದ್ದಿರಬಹುದು. ಆದರೂ ಆ ‘ವರು’ ಎಂಬ ಪ್ರತ್ಯಯ ಬಿಟ್ಟುಹೋಗಲಿಲ್ಲ. ಶಾಸನವನ್ನು ಓದುವವನಿಗೆ ಎದುರಿಗೆ ಐನೂರು ಮುಖಗಳು ಕಾಣುತ್ತವೆ.

ಕುಂಪಣಿಯ ಕೊನೆಯ ದಿನಗಳು ಅದರ ಹೆಸರಿನ ಕೊನೆಯ ಅಣಕ. 1833ರ ಶಾಸನದಿಂದ ಅದರ ವ್ಯಾಪಾರವೇ ನಿಂತಿತು. ವ್ಯಾಪಾರ ಮಾಡದ ವ್ಯಾಪಾರಿ ಕಂಪನಿ ಇನ್ನೂ ಕಾಲು ಶತಮಾನ ದೇಶವನ್ನಾಳಿತು. ಷೇರುದಾರರಿಗೆ ಮಾತ್ರ ನೂರಕ್ಕೆ ಹತ್ತೂವರೆಯಂತೆ ಲಾಭಾಂಶ ಭಾರತದ ಕಂದಾಯದಿಂದ ತಪ್ಪದೆ ಸಲ್ಲುತ್ತಿತ್ತು. 1857ರ ದಂಗೆಯ ಫಲವಾಗಿ 1858ರಲ್ಲಿ ಆಳ್ವಿಕೆ ರಾಣಿಯ ಕೈಸೇರಿತು. ಆಮೇಲೂ ಈ ಜೀವಿ ಲೆಕ್ಕದ ಪುಸ್ತಕದಲ್ಲಿ ಉಸಿರಾಡುತ್ತಿದ್ದು, 1874ರ ಜೂನ್ 1ರಂದು ವಿಸರ್ಜನೆಗೊಂಡಿತು.

ಅದು ಹೋಗುವುದರೊಳಗೆ ಅದರ ಮಕ್ಕಳು ಹುಟ್ಟಿದ್ದರು. 1844ರಲ್ಲಿ ಇಂಗ್ಲೆಂಡಿನಲ್ಲಿ ರಾಜಸನ್ನದಿಲ್ಲದೆ, ಬರಿಯ ನೋಂದಣಿಯಿಂದಲೇ ಕಂಪನಿ ಕಟ್ಟಬಹುದೆಂದಾಯಿತು. 1855ರಲ್ಲಿ ಷೇರುದಾರನ ಹೊಣೆ ಅವನು ಹಾಕಿದ ಹಣದಷ್ಟಕ್ಕೇ ಸೀಮಿತವೆಂದಾಯಿತು. ಹೆಸರಿನ ಕೊನೆಗೆ ‘ಲಿಮಿಟೆಡ್’ ಎಂಬ ಬಾಲ ಸೇರಿದ್ದು ಹೀಗೆ. ಬಾರ್ದಿ ಮನೆತನದವರು ಇದನ್ನು ಕೇಳಿದ್ದರೆ ಬೆರಗಾಗುತ್ತಿದ್ದರು. ಇದರಿಂದ ಒಳ್ಳೆಯದಾಗಲಿಲ್ಲವೆಂದು ನಾನು ಹೇಳುತ್ತಿಲ್ಲ. ರೈಲುದಾರಿ, ಗಿರಣಿ, ವಿದ್ಯುತ್ತು ಮೊದಲಾದವಕ್ಕೆ ಸಾವಿರಾರು ಜನರ ಸಣ್ಣ ಸಣ್ಣ ಉಳಿತಾಯ ಒಂದೆಡೆ ಸೇರಿದ್ದು ಈ ಅಭಯದಿಂದಲೇ. ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಹತ್ತು ಷೇರು ಕೊಂಡ ಮೇಷ್ಟರು ಕಂಪನಿ ಮುಳುಗಿದರೆ ಮನೆಯನ್ನೂ ಕಳೆದುಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಆದರೆ ಮಾತಿನ ಗತಿಯನ್ನು ನೋಡಿ. ಲಂಡನಿನಲ್ಲಿ ಸಾಲೊಮನ್ ಎಂಬ ಪಾದರಕ್ಷೆಯ ವ್ಯಾಪಾರಿಯೊಬ್ಬ ತನ್ನ ಅಂಗಡಿಯನ್ನು ಕಂಪನಿಯಾಗಿ ಮಾಡಿದ. ಒಟ್ಟು 20,007 ಷೇರುಗಳಲ್ಲಿ 20,001 ಅವನವೇ. ಹೆಂಡತಿಗೂ ಐವರು ಮಕ್ಕಳಿಗೂ ತಲಾ ಒಂದು. ಕಂಪನಿ ದಿವಾಳಿಯೆದ್ದಾಗ ಸಾಲಗಾರರು ಅವನ ಬೆನ್ನು ಹಿಡಿದರು. ಕಂಪನಿ ಬೇರೆ, ಸಾಲೊಮನ್ ಬೇರೆ ಎಂದು 1896ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಇಬ್ಬರಾದರೆ ಕಂಪನಿ, ಮೂವರಾದರೆ ಗುಂಪು ಎಂದು ಇಂಗ್ಲಿಷರ ಗಾದೆ. ಗಾದೆಗಾದರೂ ಇಬ್ಬರು ಬೇಕು, ಕಾನೂನಿಗೆ ಅದೂ ಬೇಡವಾಯಿತು. ನಮ್ಮ ದೇಶದ 2013ರ ಕಂಪನಿ ಕಾಯಿದೆ ಏಕವ್ಯಕ್ತಿ ಕಂಪನಿಗೂ ಅವಕಾಶವಿತ್ತಿದೆ. ಒಬ್ಬನೇ ಕುಳಿತು ಜೊತೆಯಲ್ಲಿ ಊಟಮಾಡುವುದು ಹೇಗೆಂದು ಲ್ಯಾಟಿನ್ ಪಂಡಿತರನ್ನು ಕೇಳಬೇಕು.

ಈಗ ಕನ್ನಡಕ್ಕೆ ಬರೋಣ. ಕುಂಪಣಿ ಎಂಬ ರೂಪ ನಮ್ಮಲ್ಲಿ ಮಾತ್ರವಲ್ಲ, ನೆರೆಯ ಮರಾಠಿ ತೆಲುಗುಗಳಲ್ಲಿಯೂ ಸ್ವಲ್ಪ ಸ್ವಲ್ಪ ವ್ಯತ್ಯಾಸದೊಡನೆ ಇತ್ತು. ಕಿತ್ತೂರು, ಸಂಗೊಳ್ಳಿ ರಾಯಣ್ಣ, 1857ರ ಹಲಗಲಿಯ ಬೇಡರು, ಇವರ ಕಥೆಗಳನ್ನು ಹಾಡಿದ ಲಾವಣಿಗಳ ಲೋಕ ಈ ಕುಂಪಣಿಯ ಎದುರು ನಿಂತ ಲೋಕ. ಅವುಗಳಲ್ಲಿ ಕೆಲವನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಹಾಕಿಸಿದವನು ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಕುಂಪಣಿ ಹೋದ ಮೇಲೆ ಆ ಉಚ್ಚಾರಣೆಯೂ ಅದರೊಡನೆಯೇ ಇತಿಹಾಸಕ್ಕೆ ಸೇರಿತು. ಇಂದು ಯಾರೂ ಕುಂಪಣಿಯಲ್ಲಿ ಕೆಲಸ ಮಾಡುವುದಿಲ್ಲ. ಹಳೆಯ ಗಾಯಕ್ಕೆ ಹಳೆಯ ರೂಪವನ್ನು ಬಿಟ್ಟುಕೊಟ್ಟು, ಹೊಸ ವ್ಯವಹಾರಕ್ಕೆ ಶುದ್ಧ ರೂಪವನ್ನು ಜನ ಎತ್ತಿಕೊಂಡರು.

ಇನ್ನೂ ಒಂದು ಸೂಕ್ಷ್ಮ ನಮ್ಮ ವ್ಯಾಕರಣದಲ್ಲಿದೆ. ವೃತ್ತಪತ್ರಿಕೆಯಲ್ಲಿ ‘ಕಂಪನಿ ನಿರ್ಧರಿಸಿತು’ ಎಂದು ಓದುತ್ತೇವೆ. ಅದು ಇಂಗ್ಲಿಷಿನ ನೆರಳು, ನಪುಂಸಕಲಿಂಗ. ಹಳ್ಳಿಯ ರೈತ ಹಾಗೆನ್ನುವುದಿಲ್ಲ. ‘ಕಂಪನಿಯವರು ಬಂದಿದ್ದರು, ಜಮೀನು ಅಳೆದುಕೊಂಡು ಹೋದರು’ ಎನ್ನುತ್ತಾನೆ. ಬ್ಯಾಂಕಿನವರು, ಕರೆಂಟಿನವರು, ಕುಂಪಣಿಯವರು. ಐನೂರ್ವರಲ್ಲಿದ್ದ ಅದೇ ಪ್ರತ್ಯಯ. ಅವನ ಮಟ್ಟಿಗೆ ಜಮೀನನ್ನು ಅಳೆಯಲು ಒಂದು ಹೆಸರು ಬರಲಾರದು, ಕಾಲಿರುವವರೇ ಬರಬೇಕು. ಆಮೇಲೆ ಅವರನ್ನು ಹುಡುಕಿಕೊಂಡು ನಗರಕ್ಕೆ ಹೋದಾಗ, ಬಂದವರು ಯಾರೂ ಅಲ್ಲಿ ಇಲ್ಲವೆಂಬುದು ಅವನಿಗೆ ತಿಳಿಯುತ್ತದೆ.

ಈ ಮಾತಿಗೆ ಕಳೆದುಹೋದ ರೊಟ್ಟಿ ಮರಳಿ ಸಿಕ್ಕಿದ್ದು, ಯಾರೂ ನಿರೀಕ್ಷಿಸದ ಕಡೆಯಲ್ಲಿ, ನಮ್ಮ ರಂಗಭೂಮಿಯಲ್ಲಿ. ಮುಂಬಯಿಯ ಪಾರ್ಸಿ ನಾಟಕದವರು ತಮ್ಮ ತಂಡಗಳನ್ನು ಇಂಗ್ಲಿಷರ ಮಾದರಿಯಲ್ಲಿ ಥಿಯೇಟ್ರಿಕಲ್ ಕಂಪನಿಗಳೆಂದರು; ಆ ಮಾತು ನಮ್ಮಲ್ಲಿಗೂ ಬಂತು. ತಂಡದವರು ಫಲಕದ ಮೇಲೆ ಸಭೆ, ಮಂಡಳಿ, ಸಂಘ ಎಂದು ಏನೇ ಬರೆಸಲಿ, ಜನರ ಬಾಯಲ್ಲಿ ಎಲ್ಲವೂ ಕಂಪನಿಯೇ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಹೆಸರನ್ನು ಕೇಳದ ಕನ್ನಡಿಗರು ಕಡಿಮೆ. ಕಲಾವಿದರೂ ಅವರ ಸಂಸಾರಗಳೂ ತಂಗುವ ಮನೆಗೆ ‘ಕಂಪನಿ ಮನೆ’ ಎಂದೇ ಹೆಸರು. ಮುಂದೆ ರಂಗಭೂಮಿಗೆ ಹೊಸ ದಾರಿ ತೋರಿದ ಬಿ. ವಿ. ಕಾರಂತರು ಹುಡುಗನಾಗಿದ್ದಾಗ ಮನೆಬಿಟ್ಟು ಹೋಗಿ ಸೇರಿದ್ದು ಅಲ್ಲಿಗೆ. ಅವರನ್ನು ಕಾಶಿಗೆ ಓದಲು ಕಳುಹಿಸಿದವರು ಗುಬ್ಬಿ ವೀರಣ್ಣನವರೇ.

ನಾನು ಹುಡುಗನಾಗಿದ್ದಾಗ ನಮ್ಮೂರಿನ ಜಾತ್ರೆಗೆ ಒಂದು ಸಣ್ಣ ಕಂಪನಿ ಬಂದು ತಗಡಿನ ಥಿಯೇಟರ್ ಕಟ್ಟಿತ್ತು. ಬೆಳಗ್ಗೆ ಅದರ ಹಿಂಬದಿಗೆ ಹೋಗಿ ಇಣುಕುವುದು ನಮಗೆ ನಾಟಕಕ್ಕಿಂತ ದೊಡ್ಡ ಆಟ. ಒಂದು ದೊಡ್ಡ ಒಲೆ, ರೊಟ್ಟಿ ಬಡಿಯುವ ಇಬ್ಬರು ಹೆಂಗಸರು, ಸಾಲಾಗಿ ಕುಳಿತ ಮೂವತ್ತು ನಲವತ್ತು ಜನ. ಹಿಂದಿನ ರಾತ್ರಿ ಕಂಸನಾಗಿ ಅಬ್ಬರಿಸಿದಾತ ಕೃಷ್ಣನಾಗಿದ್ದ ಹುಡುಗನ ತಟ್ಟೆಗೆ ಸಾರು ಬಡಿಸುತ್ತಿದ್ದ. ಯಾರು ಯಾವ ಜಾತಿಯವರೆಂದು ನಮ್ಮೂರಿನ ಹಿರಿಯರು ವಿಚಾರಿಸಿದರೂ ಆ ಸಾಲಿನಲ್ಲಿ ಗೊತ್ತಾಗುತ್ತಿರಲಿಲ್ಲ. ಎಲ್ಲ ಕಂಪನಿಗಳಲ್ಲಿಯೂ ಹಾಗಿತ್ತೆಂದು ಹೇಳಲಾರೆ. ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಯುತ್ತಿತ್ತೆಂಬುದನ್ನೂ ದೊಡ್ಡವನಾದ ಮೇಲೆ ಕೇಳಿ ತಿಳಿದಿದ್ದೇನೆ. ಆ ವರ್ಷ ಅಕಾಲದಲ್ಲಿ ಮಳೆ ಹಿಡಿದು ಎರಡು ವಾರ ಆಟ ನಡೆಯಲಿಲ್ಲ. ಸೀಮಿತ ಹೊಣೆಯ ಕಾನೂನು ಆ ಮಾಲೀಕನಿಗೆ ಗೊತ್ತಿರಲಿಲ್ಲ. ಮೊದಲು ತಗಡುಗಳು ಹೋದವು, ಆಮೇಲೆ ಅರಮನೆಯ ಪರದೆ, ಕಡೆಗೆ ಅವನ ಹೆಂಡತಿಯ ಕೈಬಳೆಗಳು. ಒಲೆ ಮಾತ್ರ ಆರಲಿಲ್ಲ. ಅವರು ಊರು ಬಿಡುವ ದಿನ ನಮ್ಮ ತಂದೆಯವರು ಅರ್ಧ ಚೀಲ ಜೋಳ ಕಳುಹಿಸಿದ್ದರು. ಅದನ್ನು ಹೊತ್ತ ಆಳಿನೊಡನೆ ನಾನೂ ಹೋದೆ. ಎಲ್ಲರ ಊಟ ಮುಗಿದಿತ್ತು. ಮಾಲೀಕ ಒಲೆಯ ಬಳಿ ಒಬ್ಬನೇ ಕುಳಿತು, ತನ್ನ ತಟ್ಟೆಯಲ್ಲಿದ್ದ ಒಂದು ರೊಟ್ಟಿಯನ್ನು ಮುರಿದು ಅರ್ಧವನ್ನು ನನ್ನ ಕೈಗಿಟ್ಟ.